ಮನೆಯ ರೋಗಿಗೆ ಗಾಂಜಾ ಎಣ್ಣೆ ಕೊಡಬಹುದಾ? ಕೊಳ್ಳುವ ಮುಂಚೆ ನೋಡಬೇಕಾದ್ದು

ಚಿಂತಾಮಣಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಒಂದು ಸಂಜೆ ಕೈವಾರದ ಕಡೆಯ ಹುಡುಗನೊಬ್ಬ ಗಿರಾಕಿಗಳೆಲ್ಲ ಹೋಗುವವರೆಗೂ ಪಕ್ಕದಲ್ಲೇ ನಿಂತಿದ್ದ. ಅಂಗಡಿ ಖಾಲಿಯಾದ ಮೇಲೆ ಕೌಂಟರ್ ಮೇಲೆ ಬಾಗಿ ಮೊಬೈಲ್ ತೋರಿಸಿದ. ವಾಟ್ಸಾಪಿನಲ್ಲಿ ಬಂದ ಫೋಟೋ. ಕಂದು ಬಣ್ಣದ ಪುಟ್ಟ ಬಾಟಲಿ, ಮುಚ್ಚಳದಲ್ಲೇ ಡ್ರಾಪರ್, ಮೇಲೆ ಬೆರಳು ಬಿಡಿಸಿದಂಥ ಹಸಿರು ಎಲೆಯ ಚಿತ್ರ.

"ಅಣ್ಣಾ, ಇದು ನಿಮ್ಮ ಹತ್ರ ಸಿಗುತ್ತಾ? ಅಪ್ಪನಿಗೆ ಬೇಕಿತ್ತು. ಮನೇಲಿ ಇಟ್ಕೊಂಡ್ರೆ ಪೊಲೀಸ್ ತೊಂದ್ರೆ ಆಗುತ್ತಾ?"

ಅವನ ಅಪ್ಪನಿಗೆ ಬಾಯಿ ಕ್ಯಾನ್ಸರ್. ವಯಸ್ಸೆಲ್ಲ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಈಗ ನೋವಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಯಾರೋ ನೆಂಟರು "ಗಾಂಜಾ ಎಣ್ಣೆ ಕೊಡಿ, ಕ್ಯಾನ್ಸರೇ ಕರಗುತ್ತೆ" ಅಂದಿದ್ದಾರೆ. ಇಂಥ ಫೋಟೋ ಹಿಡಿದುಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ. ಕೆಲವರಿಗೆ ವಿಪರೀತ ಆಸೆ, ಕೆಲವರಿಗೆ ವಿಪರೀತ ಭಯ. ಅವತ್ತು ಆ ಹುಡುಗನಿಗೆ ಹೇಳಿದ್ದನ್ನೂ, ಆಮೇಲೆ ಹೇಳಬೇಕಿತ್ತು ಅನ್ನಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಫಾರ್ಮಸಿಸ್ಟ್. ಡಾಕ್ಟರ್ ಮಾತಿನ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.

ಮೊದಲು ಗಿಡವನ್ನು ಬಿಡಿಸಿ ನೋಡಿ

ಗಿಡ ಒಂದೇ. ಆದರೆ ಕಾನೂನು ಅದರ ಒಂದೊಂದು ಭಾಗವನ್ನು ಒಂದೊಂದು ಥರ ನೋಡುತ್ತದೆ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

ನಮ್ಮ ದೇಶದಲ್ಲಿ ಇದಕ್ಕಿರುವ ಮುಖ್ಯ ಕಾನೂನು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ. ಅದರ ಪ್ರಕಾರ ಹೂವಿನ ಅಥವಾ ಕಾಯಿಯ ತುದಿ ಗಾಂಜಾ. ಗಿಡದಿಂದ ತೆಗೆದ ಅಂಟು ಚರಸ್. ಎರಡೂ ನಿಷೇಧ. ತುದಿ ಜೊತೆಯಲ್ಲಿ ಇಲ್ಲದ ಬರೀ ಎಲೆ ಮತ್ತು ಬರೀ ಬೀಜ ಗಾಂಜಾ ಅನ್ನುವ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಮ್ಮ ಹಿರಿಯರು ಭಂಗಿ ಸೊಪ್ಪು ಅನ್ನುತ್ತಿದ್ದದ್ದು, ಹಿಂದಿಯವರು ಭಾಂಗ್ ಅನ್ನುವುದು ಈ ಎಲೆಯನ್ನು. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ.

ಹಾಗಂತ ಎಲೆ ಪೂರ್ತಿ ಬಿಡುಗಡೆ ಅಂದುಕೊಳ್ಳಬೇಡಿ. ಎಲೆಯ ಮೇಲಿನ ಹಿಡಿತ ರಾಜ್ಯ ಸರ್ಕಾರಗಳ ಅಬಕಾರಿ ಕಾನೂನಿನಲ್ಲಿದೆ. ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರಿ ಲೈಸೆನ್ಸ್ ಇರುವ ಭಾಂಗ್ ಅಂಗಡಿಗಳಿವೆ. ನಮ್ಮ ಕಡೆ ಅಂಥದ್ದಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆ ಭಂಗಿಯನ್ನೂ ಅಮಲು ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. 2022ರಲ್ಲಿ ಬೆಂಗಳೂರಿನ ಒಂದು ಭಾಂಗ್ ಪ್ರಕರಣ ನಮ್ಮ ಹೈಕೋರ್ಟಿಗೆ ಹೋಗಿತ್ತು. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಾಂಗ್ ನಿಷೇಧಿತ ವಸ್ತು ಅಂತ ಎಲ್ಲೂ ಇಲ್ಲ ಎಂದು ಹೇಳಿ ಕೋರ್ಟ್ ಆರೋಪಿಗೆ ಜಾಮೀನು ಕೊಟ್ಟಿತು. ಸರಿ, ಆದರೆ ಅಷ್ಟರಲ್ಲಿ ಆತ ಜೈಲು ನೋಡಿಯಾಗಿತ್ತು. ಆದ್ದರಿಂದ ಸೊಪ್ಪು ತಂದು ಮನೆಯಲ್ಲಿ ಅರೆದು ಕಷಾಯ ಮಾಡುವ ಯೋಚನೆ ಬೇಡ. ರೋಗಿಯ ಮನೆಯವರಿಗೆ ಇರುವ ನೇರ ದಾರಿ ಒಂದೇ: ಆಯುಷ್ (ಆಯುರ್ವೇದದಂಥ ದೇಶೀ ಔಷಧಿಗಳ ಸರ್ಕಾರಿ ವಿಭಾಗ) ಲೈಸೆನ್ಸ್ ಇರುವ ಕಂಪನಿ ಎಲೆಯಿಂದ ತಯಾರಿಸಿದ ಆಯುರ್ವೇದ ಔಷಧಿ, ಅದೂ ವೈದ್ಯರ ಚೀಟಿ ಮೇಲೆ.

ಜನ ಎಡವುವ ಇನ್ನೊಂದು ಜಾಗ ಇದೆ. "ಒಂದು ಕೆಜಿವರೆಗೂ ಕೇಸಿಲ್ಲ" ಅನ್ನುವ ಮಾತು. ಇದು ತಪ್ಪು. 1 ಕೆಜಿವರೆಗಿನ ಗಾಂಜಾವನ್ನು ಕಾನೂನು ಸಣ್ಣ ಪ್ರಮಾಣ ಅನ್ನುತ್ತದೆ, ಅಷ್ಟೇ. ಅದಕ್ಕೂ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 20 ಕೆಜಿ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಅಲ್ಲಿ ಶಿಕ್ಷೆ ಶುರುವಾಗುವುದೇ 10 ವರ್ಷದಿಂದ, ಜಾಮೀನೂ ಕಷ್ಟ. ಡಾಕ್ಟರ್ ಚೀಟಿ ಜೇಬಿನಲ್ಲಿದ್ದರೂ ಹೂವಿನ ಗಾಂಜಾ ಔಷಧಿ ಆಗುವುದಿಲ್ಲ.

ಔಷಧಿಯಾಗಿದ್ದದ್ದು ನಿಷೇಧವಾದದ್ದು ಹೇಗೆ

ಇದು ಓದದೆ ಮುಂದೆ ಹೋದರೂ ನಡೆಯುತ್ತದೆ. ಆದರೆ "ಅಜ್ಜಿ ಕಾಲದಲ್ಲಿ ಕೊಡ್ತಿದ್ರಲ್ಲ, ಈಗ್ಯಾಕೆ ಅಪರಾಧ?" ಅಂತ ಅಂಗಡಿಯಲ್ಲಿ ತುಂಬಾ ಜನ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಅಥರ್ವವೇದದಲ್ಲೇ ಭಂಗದ ಹೆಸರಿದೆ. ಭೇದಿಗೆ, ಹೊಟ್ಟೆಯ ತೊಂದರೆಗೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಇವತ್ತಿಗೂ ಈ ಎಲೆ ಇದೆ. ಹಾಗೇ ಹಸಿಯಾಗಿ ಹಾಕುವುದಿಲ್ಲ. ಎಲೆಯನ್ನು ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿ ಬಳಸುತ್ತಾರೆ. ಅಂದರೆ ಇದು ಹುಷಾರಾಗಿ ಮುಟ್ಟಬೇಕಾದ ವಸ್ತು ಅಂತ ಹಳೆಯ ವೈದ್ಯರಿಗೂ ಗೊತ್ತಿತ್ತು.

ಇಂಗ್ಲಿಷ್ ವೈದ್ಯಕ್ಕೆ ಇದನ್ನು ತಲುಪಿಸಿದವನು ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾನೆಸ್ಸಿ. ಮೊದಲು ಪ್ರಾಣಿಗಳ ಮೇಲೆ ನೋಡಿದ, ಆಮೇಲೆ ಧನುರ್ವಾಯು, ವಾತ, ಹುಚ್ಚುನಾಯಿ ಕಡಿತದ ರೋಗಿಗಳಿಗೆ ಕೊಟ್ಟ. 40 ದಿನದ ಹೆಣ್ಣುಕೂಸಿಗೆ ಬಿಡದೆ ಫಿಟ್ಸ್ ಬರುತ್ತಿತ್ತು. ಗಾಂಜಾದ ಟಿಂಚರ್, ಅಂದರೆ ಮದ್ಯಸಾರದಲ್ಲಿ ಇಳಿಸಿದ ರಸ, ಹನಿ ಹನಿಯಾಗಿ ಕೊಟ್ಟು ಕೂಸನ್ನು ಉಳಿಸಿಕೊಂಡ. ಹುಚ್ಚುನಾಯಿ ಕಡಿದವನನ್ನು ಉಳಿಸಲು ಆಗಲಿಲ್ಲ. ಆದರೆ ಕೊನೆಯ ದಿನಗಳಲ್ಲಿ ಅವನ ಸಂಕಟ ಕಡಿಮೆಯಾಗಿದ್ದನ್ನು ಬರೆದಿಟ್ಟ. 1839ರಲ್ಲಿ ಇದೆಲ್ಲ ವರದಿಯಾಗಿ ಬಂತು. ಆಮೇಲೆ ಯುರೋಪಿನ ಔಷಧಿ ಅಂಗಡಿಗಳಲ್ಲೂ ಈ ಟಿಂಚರ್ ಮಾರಾಟವಾಯಿತು.

ಬ್ರಿಟಿಷ್ ಸರ್ಕಾರ ಗಾಂಜಾ ಮೇಲೆ ಅಬಕಾರಿ ಸುಂಕ ಹಾಕಿ ಲೈಸೆನ್ಸ್ ಅಂಗಡಿಗಳಲ್ಲಿ ಮಾರಿಸುತ್ತಿತ್ತು. ಇದರಿಂದ ಜನ ಹಾಳಾಗುತ್ತಿದ್ದಾರೆ ಅಂತ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗಲಾಟೆ ಎದ್ದಾಗ 1893ರಲ್ಲಿ ಒಂದು ಆಯೋಗ ಮಾಡಿದರು. ಅದು ಊರೂರು ಸುತ್ತಿ ಸಾವಿರಕ್ಕೂ ಹೆಚ್ಚು ಜನರ ಸಾಕ್ಷಿ ಕೇಳಿತು. ಮಿತವಾಗಿ ಬಳಸಿದರೆ ದೊಡ್ಡ ಹಾನಿ ಕಾಣುವುದಿಲ್ಲ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಸುಂಕದಲ್ಲಿ ಹಿಡಿತ ಇಡಿ ಎಂದು 1894ರಲ್ಲಿ ವರದಿ ಕೊಟ್ಟಿತು.

ಗಾಳಿ ತಿರುಗಿದ್ದು 1961ರಲ್ಲಿ. ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದ ಗಾಂಜಾವನ್ನು ಹೆರಾಯಿನ್ ಪಕ್ಕದಲ್ಲೇ ಕೂರಿಸಿತು. ಆ ಒಪ್ಪಂದವೂ ಬರೀ ಎಲೆಯನ್ನು ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಔಷಧಿಯಲ್ಲದ ಬಳಕೆ ನಿಲ್ಲಿಸಲು ದೇಶಗಳಿಗೆ 25 ವರ್ಷದ ಗಡುವು ಸಿಕ್ಕಿತು. ಆ ಗಡುವು ಮುಗಿಯುವ ಮುಂಚೆ, 1985ರ ನವೆಂಬರ್ 14ರಂದು, ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಒಂದು ಮಾತು ಗಮನಿಸಿ. ಅದರ 8ನೇ ಕಲಂ ಎಲ್ಲವನ್ನೂ ನಿಷೇಧಿಸುವಾಗಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದಿಟ್ಟಿದೆ. 10ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಬಾಗಿಲು ಇದೆ, ಆದರೆ ಅದರಲ್ಲಿ ಓಡಾಡಲು ರೋಗಿಗಳಿಗೆ ದಾರಿ ಮಾಡಿಕೊಟ್ಟವರು ಕಡಿಮೆ. ಇದು ನನಗೆ ನಿಜವಾಗಿ ಬೇಸರದ ವಿಷಯ.

ಹೊರಗೆ ಕೆಲಸ ನಡೆದೇ ಇತ್ತು. ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಕೌಲಂ ಪೊಲೀಸರಿಂದ 5 ಕೆಜಿ ಚರಸ್ ಕೇಳಿ ಪಡೆದು, ಬಸ್ಸಿನಲ್ಲೇ ಲ್ಯಾಬಿಗೆ ತಂದು ಸಂಶೋಧನೆ ಮಾಡಿದರು. ಅಮಲು ಏರಿಸುವ ಟಿಎಚ್‌ಸಿ ಅನ್ನುವ ಅಂಶವನ್ನು 1964ರಲ್ಲಿ ಬೇರ್ಪಡಿಸಿ ತೋರಿಸಿದರು. ಅಮಲು ಏರಿಸದ ಇನ್ನೊಂದು ಅಂಶ ಸಿಬಿಡಿ. ಅಮೆರಿಕದ ಕ್ಯಾಲಿಫೋರ್ನಿಯಾ 1996ರಲ್ಲಿ ರೋಗಿಗಳಿಗೆ ಗಾಂಜಾ ಒಪ್ಪಿತು. ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್ ಅನ್ನುವ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮಕ್ಕಳಲ್ಲಿ ಬರುವ ಕೆಲವು ಕಠಿಣ ಫಿಟ್ಸ್‌ಗೆ. ಓಶಾನೆಸ್ಸಿಯ ಆ ಕೂಸು ನೆನಪಾಗುತ್ತದೆ ಅಲ್ವಾ? 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಮಿತಿ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಿತು. 27 ದೇಶ ಪರ, 25 ವಿರುದ್ಧ. ಭಾರತ ಪರವಾಗಿ ಓಟು ಹಾಕಿತು. ಇದರಿಂದ ನಮ್ಮ ದೇಶದ ಕಾನೂನೇನೂ ಬದಲಾಗಲಿಲ್ಲ.

ಈಗ ನೋಡುತ್ತಿರುವ ಡಾಕ್ಟರಿಗೆ ಹೇಳಿ

ಇದೇ ಮೊದಲ ಹೆಜ್ಜೆ. ಕದ್ದು ಕೊಡಬೇಡಿ. ಬೈಯುತ್ತಾರೆ ಅಂತ ಎಷ್ಟೋ ಜನ ಹೇಳುವುದೇ ಇಲ್ಲ. ಬೈದರೆ ಬೈಯಲಿ.

ಕೇಳಬೇಕಾದ ಪ್ರಶ್ನೆ ಒಂದೇ: "ನಮ್ಮ ರೋಗಿಯ ಈ ತೊಂದರೆಗೆ ಇದರಿಂದ ಉಪಯೋಗ ಆಗುತ್ತಾ?" ಗಾಂಜಾದ ಅಂಶಗಳಿಂದ ಉಪಯೋಗ ಇದೆ ಅಂತ ಚೆನ್ನಾಗಿ ಗೊತ್ತಿರುವ ತೊಂದರೆಗಳು ಬೆರಳೆಣಿಕೆಯಷ್ಟು. ಕೆಲವು ಥರದ ಫಿಟ್ಸ್, ಕೀಮೋ ಆದ ಮೇಲಿನ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆಯಲ್ಲಿ ಸ್ನಾಯು ಬಿಗಿಯುವುದು. ಕೆಲವರ ಹಳೆಯ ನೋವಿಗೂ ಸ್ವಲ್ಪ ಮಟ್ಟಿಗೆ. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಅದನ್ನು ನಂಬಿ ರೇಡಿಯೇಷನ್ ಅರ್ಧಕ್ಕೆ ಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾನ್ಸರ್, ಮೂರ್ಛೆರೋಗ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ಔಷಧಿ ಜಾಹೀರಾತಿನ ಮೇಲಿನ 1954ರ ಕಾಯ್ದೆಯಲ್ಲಿ ಅಪರಾಧ. ಹಾಗೆ ಬರೆದುಕೊಂಡ ಪುಟ ಕಂಡರೆ ಅಲ್ಲಿ ಏನನ್ನೂ ಕೊಳ್ಳಬೇಡಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಾನಸಿಕ ಕಾಯಿಲೆ ಇರುವವರು ಅಥವಾ ಮನೆತನದಲ್ಲಿ ಅದು ಇರುವವರು, ಹೃದಯದ ತೊಂದರೆ ಇರುವವರು ದೂರ ಇರಬೇಕು. ಮಕ್ಕಳ ಫಿಟ್ಸ್‌ಗಾದರೆ ನರರೋಗ ತಜ್ಞರೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನಲ್ಲ.

ಮಾತ್ರೆಗಳ ಜೊತೆಗಿನ ಗುದ್ದಾಟ ನನ್ನ ಕಸುಬಿನ ವಿಷಯ, ಹಾಗಾಗಿ ಒತ್ತಿ ಹೇಳುತ್ತೇನೆ. ಫಿಟ್ಸ್‌ಗೆ ಕ್ಲೋಬಜಾಮ್ ನುಂಗುವವರಿಗೆ ಸಿಬಿಡಿ ಸೇರಿದರೆ ಮಂಪರು ಏರುತ್ತದೆ. ವಾಲ್‌ಪ್ರೊಯೇಟ್ ಜೊತೆ ಸೇರಿದರೆ ಲಿವರಿಗೆ ಪೆಟ್ಟು, ಆಗಾಗ ರಕ್ತ ಪರೀಕ್ಷೆ ಬೇಕು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯ. ನುಂಗುತ್ತಿರುವ ಎಲ್ಲ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಬಾಯಲ್ಲಿ ಹೇಳಿದರೆ ಒಂದಾದರೂ ಮರೆತುಹೋಗುತ್ತದೆ.

ಚೀಟಿ ಮತ್ತು ಬಾಟಲಿ

ವಿಜಯಾ ಇರುವ ಔಷಧಿ ಬರೆಯುವುದು ಆಯುರ್ವೇದ ವೈದ್ಯರು. ಅವರು ಕರ್ನಾಟಕ ಆಯುರ್ವೇದ ಮತ್ತು ಯುನಾನಿ ಮಂಡಳಿಯಲ್ಲಿ, ಅಥವಾ ಬೇರೆ ರಾಜ್ಯದವರಾದರೆ ಅಲ್ಲಿನ ಮಂಡಳಿಯಲ್ಲಿ, ನೋಂದಣಿ ಆಗಿರಬೇಕು. ಚೀಟಿಯಲ್ಲಿ ಆ ನಂಬರ್ ಇರಲಿ. ರೋಗಿಯ ಹೆಸರು, ವಯಸ್ಸು, ಕಾಯಿಲೆ, ದಿನಕ್ಕೆ ಎಷ್ಟು ಹನಿ, ಎಷ್ಟು ದಿನ, ತಾರೀಖು, ಸಹಿ ಎಲ್ಲವೂ ಬೇಕು. ಕೆಲವು ಆನ್‌ಲೈನ್ ಮಾರಾಟಗಾರರು ಎರಡು ನಿಮಿಷದ ವಿಡಿಯೋ ಕಾಲ್‌ನಲ್ಲಿ ಚೀಟಿ ಕೊಟ್ಟುಬಿಡುತ್ತಾರೆ. ರೋಗಿಯ ಮುಖ ನೋಡದೆ, ಹಳೆಯ ರಿಪೋರ್ಟ್ ಕೇಳದೆ ಕೊಟ್ಟ ಚೀಟಿಯನ್ನು ನಾನಂತೂ ನಂಬುವುದಿಲ್ಲ.

ಬಾಟಲಿ ಬಂದ ಮೇಲೆ ಬೆಳಕಿನ ಕೆಳಗೆ ಹಿಡಿದು ಓದಿ. ನಮ್ಮ ಚಿಕ್ಕಪ್ಪನ ಮಗ ಮಂಡಿ ನೋವಿಗೆ ಅಂತ ಇನ್‌ಸ್ಟಾಗ್ರಾಂ ನೋಡಿ ಒಂದು ಬಾಟಲಿ ತರಿಸಿದ್ದ. ದುಬಾರಿ ದುಡ್ಡು ಕೊಟ್ಟಿದ್ದ. ಮುಂದೆ ದೊಡ್ಡ ಎಲೆ, ಚಿನ್ನದ ಅಕ್ಷರ. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ "ಹೆಂಪ್ ಸೀಡ್ ಆಯಿಲ್" ಅಂತಿತ್ತು, ಪಕ್ಕದಲ್ಲೇ ಆಹಾರ ವಸ್ತುಗಳಿಗೆ ಹಾಕುವ ಎಫ್‌ಎಸ್‌ಎಸ್‌ಎಐ ಗುರುತು. ಹೆಂಪ್ ಅಂದರೆ ಇದೇ ಗಿಡ; ಅದು ಅದರ ಬೀಜದ ಎಣ್ಣೆ, ಅಡುಗೆಯ ವಸ್ತು. 2021ರಿಂದ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಅನುಮತಿ ಇದೆ. ಒಳ್ಳೆಯ ಎಣ್ಣೆಯೇ, ಅದರಲ್ಲಿರುವ ಕೊಬ್ಬಿನಾಂಶ ಒಳ್ಳೆಯದು. ಆದರೆ ಅದರಲ್ಲಿ ಔಷಧಿಯ ಅಂಶ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಅವನು ಮೂರು ತಿಂಗಳು ನಾಲಿಗೆ ಕೆಳಗೆ ಹನಿ ಬಿಟ್ಟುಕೊಂಡದ್ದು ಶೇಂಗಾ ಎಣ್ಣೆ ಬಿಟ್ಟುಕೊಂಡ ಹಾಗೆಯೇ ಆಯಿತು.

ಆದ್ದರಿಂದ ಮೊದಲು ಹುಡುಕಬೇಕಾದ್ದು ಆಯುರ್ವೇದ ಔಷಧಿ ಅನ್ನುವ ಮಾತು ಮತ್ತು ಆಯುಷ್ ತಯಾರಿಕಾ ಲೈಸೆನ್ಸ್ ನಂಬರ್. ಆಮೇಲೆ ಒಳಗೇನಿದೆ ಅನ್ನುವ ಸಾಲು. ವಿಜಯಾ ಎಲೆ ಅಂತ ಸ್ಪಷ್ಟವಾಗಿರಬೇಕು. ಔಷಧಿ ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲಿ ದತ್ತೂರ, ವತ್ಸನಾಭಿ ಜೊತೆ ಭಂಗಿಯೂ ಇದೆ. ಹಾಗಾಗಿ "ವೈದ್ಯರ ನಿಗಾದಲ್ಲಿ ಮಾತ್ರ ಬಳಸಿ" ಅನ್ನುವ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಇಲ್ಲದಿದ್ದರೆ ಬಾಟಲಿ ವಾಪಸ್ ಮಾಡಿ. ಬ್ಯಾಚ್ ನಂಬರ್, ತಯಾರಾದ ದಿನ, ಕಂಪನಿಯ ಪೂರ್ತಿ ವಿಳಾಸ ನೋಡಿ. ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿ, ಟಿಎಚ್‌ಸಿ ಎಷ್ಟು ಸಿಬಿಡಿ ಎಷ್ಟು ಅಂತ ಅದರಲ್ಲಿ ಗೊತ್ತಾಗುತ್ತದೆ. ಕೊಡದೆ ಸತಾಯಿಸಿದರೆ ಬೇರೆ ಕಡೆ ನೋಡಿ. ಬಿಲ್ ಇಲ್ಲದೆ ಕೊಳ್ಳಬೇಡಿ.

ದುಡ್ಡು ಹಾಕಿಸಿಕೊಂಡು ಮಾಯವಾದವರೂ ಇದ್ದಾರೆ. ಗಾಂಜಾ ವಿಷಯ ಅಂತ ಜನ ಹೆದರಿ ದೂರು ಕೊಡುವುದಿಲ್ಲ. ಲೈಸೆನ್ಸ್ ಇರುವ ಔಷಧಿ ಅಂತ ನಂಬಿ ಆರ್ಡರ್ ಮಾಡಿದ್ದರೆ ಹೆದರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮನೆಯಲ್ಲಿ, ದಾರಿಯಲ್ಲಿ, ಹೊಲದಲ್ಲಿ

ಬಾಟಲಿಯನ್ನು ಅದರ ಡಬ್ಬಿಯಲ್ಲೇ, ಚೀಟಿ ಬಿಲ್ ಜೊತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೇರೆ ಸೀಸೆಗೆ ಸುರಿಯಬೇಡಿ. ಆಸ್ಪತ್ರೆಗೆ ಹೋಗುವಾಗ ಒಯ್ದರೂ ಕಾಗದ ಜೊತೆಗಿರಲಿ, ಮೊಬೈಲ್‌ನಲ್ಲಿ ಫೋಟೋನೂ ಇರಲಿ. ಪಕ್ಕದ ಮನೆಯವರು ಕೇಳಿದರು ಅಂತ ಎರಡು ಹನಿ ಕೊಡಬೇಡಿ. ತಗೊಂಡ ಮೇಲೆ ಗಾಡಿ ಓಡಿಸಬೇಡಿ. ಕುಡಿದು ಓಡಿಸುವುದಕ್ಕೆ ಇರುವ ಕಲಮೇ ಅಮಲು ಬರಿಸುವ ಔಷಧಿಗೂ ಇದೆ. ಕೆಲಸದ ಕಡೆ ಮೂತ್ರ ಪರೀಕ್ಷೆ ಇದ್ದರೆ, ಎಲೆಯ ಔಷಧಿಯಲ್ಲೂ ಟಿಎಚ್‌ಸಿ ಇರುವುದರಿಂದ ಪಾಸಿಟಿವ್ ಬರಬಹುದು.

ಅಮೆರಿಕದ ಮಗ, ಬ್ಯಾಂಕಾಕಿಗೆ ಟೂರ್ ಹೋದ ಅಳಿಯ ಅಲ್ಲಿಂದ ಗಾಂಜಾ ಹಾಕಿದ ಮಿಠಾಯಿ (ಗಮ್ಮಿ), ಎಣ್ಣೆ ತರುತ್ತೇನೆ ಅಂದರೆ ಬೇಡ ಅನ್ನಿ. ಅಲ್ಲಿ ಅಂಗಡಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಇಲ್ಲಿ ಸಕ್ರಮ ಆಗುವುದಿಲ್ಲ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಗಾಂಜಾ ಹಿಡಿದ ಸುದ್ದಿ ಎಷ್ಟು ಸಲ ಓದಿದ್ದೀವಿ.

ಮನೆ ಹಿತ್ತಲಲ್ಲಿ ಔಷಧಿಗೆ ಅಂತ ಒಂದೇ ಒಂದು ಗಿಡ ಇಟ್ಟರೂ ಅದು ಬೆಳೆ ಬೆಳೆದ ಅಪರಾಧ. 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಆಗಬಹುದು. ಉತ್ತರಾಖಂಡದಲ್ಲಿ ರೈತರು ಹೆಂಪ್ ಬೆಳೆಯುತ್ತಾರೆ ಅಂತ ಯೂಟ್ಯೂಬ್ ನೋಡಿ ಕೇಳುವವರಿದ್ದಾರೆ. ಅಲ್ಲಿ ಟಿಎಚ್‌ಸಿ ತೀರಾ ಕಡಿಮೆ ಇರುವ ತಳಿಗೆ, ನಾರು ಬೀಜಕ್ಕಾಗಿ, ಸರ್ಕಾರವೇ ಲೈಸೆನ್ಸ್ ಕೊಡುತ್ತದೆ.

ಜಮೀನನ್ನು ಗುತ್ತಿಗೆಗೋ ಪಾಲಿಗೋ ಕೊಟ್ಟು ಬೆಂಗಳೂರಿನಲ್ಲಿ ಇರುವವರು ಚಿಕ್ಕಬಳ್ಳಾಪುರ, ತುಮಕೂರು, ಕೋಲಾರ, ನಮ್ಮ ಕಡೆಯ ಈ ಮೂರೂ ಜಿಲ್ಲೆಯಲ್ಲಿ ತುಂಬಾ ಇದ್ದಾರೆ. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರ, ಎಲ್ಲ ಆಂಧ್ರದ ಗಡಿ. ನಿಮ್ಮ ಹೊಲದ ತೊಗರಿ ಸಾಲಿನ ಮಧ್ಯೆ ಯಾರಾದರೂ ಗಾಂಜಾ ಹಾಕಿದ್ದು ಗೊತ್ತಾದರೆ ಸುಮ್ನೆ ಇರಬೇಡಿ. ತಕ್ಷಣ ತಿಳಿಸುವುದು ಜಮೀನು ಹೊಂದಿರುವವರ ಕರ್ತವ್ಯ ಅಂತ ಕಾಯ್ದೆಯ 46ನೇ ಕಲಂ ಹೇಳುತ್ತದೆ. ಪೊಲೀಸ್ ಠಾಣೆಗೆ ಹೇಳಬಹುದು, ಮಾದಕ ವಸ್ತುಗಳ ಸಹಾಯವಾಣಿ 1933ಕ್ಕೂ ಫೋನ್ ಮಾಡಬಹುದು.

ಪೊಲೀಸರು ನಿಲ್ಲಿಸಿ ಕೇಳಿದರೆ ಕಾಗದ ತೋರಿಸಿ, ನಿಜ ಹೇಳಿ. ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿ ಅಂತ ಕೇಳುವ ಹಕ್ಕು 50ನೇ ಕಲಮಿನಲ್ಲಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ಹೇಳುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ.

ನೋವು ಜಾಸ್ತಿ ಇದ್ದರೆ ಮಾರ್ಫಿನ್ ಕೇಳಿ

ಆ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇದನ್ನೇ. "ಎಣ್ಣೆ ವಿಚಾರ ಆಮೇಲೆ ನೋಡೋಣಪ್ಪ. ಅಪ್ಪನಿಗೆ ಮಾರ್ಫಿನ್ ಮಾತ್ರೆ ಕೊಟ್ಟಿದ್ದಾರಾ?" ಅವನು ಆ ಹೆಸರೇ ಕೇಳಿರಲಿಲ್ಲ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ದಶಕಗಳಿಂದ ನಂಬಿಕೆಯ ಔಷಧಿ. ಅಫೀಮಿನಿಂದ ಬರುತ್ತದೆ. ಆ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನದ ರೈತರು ಸರ್ಕಾರಿ ಲೈಸೆನ್ಸ್ ಮೇಲೆ ಬೆಳೆದು ಕೊಡುತ್ತಾರೆ. ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಇದಕ್ಕೂ ಹಲವು ಲೈಸೆನ್ಸ್‌ಗಳ ಕಾಟ ಶುರುವಾಗಿ, ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. ಎಷ್ಟೋ ಜನ ಕೂಗಿ ಕೂಗಿ ಸತ್ತರು. 2014ರಲ್ಲಿ ಕಾಯ್ದೆ ತಿದ್ದಿ, ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅಗತ್ಯ ಔಷಧಿ ಅಂತ ಬೇರೆ ಮಾಡಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಒಂದೇ ಅನುಮತಿಯಲ್ಲಿ ಇಟ್ಟುಕೊಂಡು ಕೊಡಬಹುದು. ನನ್ನಂಥ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಶಮನ (ಪ್ಯಾಲಿಯೇಟಿವ್ ಕೇರ್) ವಿಭಾಗ ಇದೆ. ಕೊನೆಯ ಹಂತದ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಅನ್ನುವ ಸಂಸ್ಥೆ ದುಡ್ಡು ಪಡೆಯದೆ ನೋಡಿಕೊಳ್ಳುತ್ತದೆ. ನಿಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲೂ "ಪ್ಯಾಲಿಯೇಟಿವ್ ಕೇರ್ ಇದೆಯಾ, ಮಾರ್ಫಿನ್ ಸಿಗುತ್ತಾ" ಅಂತ ಬಾಯಿಬಿಟ್ಟು ಕೇಳಿ. ರೋಗಿ ಬರಲಾಗದಿದ್ದರೆ ಮನೆಯವರು ರಿಪೋರ್ಟ್, ರೋಗಿಯ ಮತ್ತು ತಮ್ಮ ಆಧಾರ್ ಹಿಡಿದು ಹೋಗಿ ವಿಚಾರಿಸಿ.

ಡಾಕ್ಟರ್ ಹೇಳಿದಷ್ಟು, ಗಂಟೆ ಹಿಡಿದು ಕೊಡಿ. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬೇಡಿ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ ಕೇಳಿ. ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಮಾರ್ಫಿನ್ ಶುರುವಾದ ಮೇಲೆ ವಿಜಯಾ ಎಣ್ಣೆಯನ್ನು ನಿಮ್ಮಷ್ಟಕ್ಕೆ ನೀವೇ ಸೇರಿಸಬೇಡಿ, ಎರಡೂ ಸೇರಿದರೆ ಮಂಪರು ವಿಪರೀತ ಆಗಬಹುದು.

ಆ ಹುಡುಗ ಮರುದಿನವೇ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದ. ವಾರ ಕಳೆದು ಅಂಗಡಿಗೆ ಬಂದು, "ಅಣ್ಣಾ, ಅಪ್ಪ ರಾತ್ರಿ ಮಲಗ್ತಿದ್ದಾರೆ, ಅಮ್ಮನೂ ಮಲಗ್ತಿದ್ದಾರೆ" ಅಂದ. ಎಣ್ಣೆ ವಿಷಯ ಮತ್ತೆ ಎತ್ತಲಿಲ್ಲ. ಯುಗಾದಿ ಆದ ಮೇಲೆ ಅಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿಸಿ, ತಲೆ ಬೋಳಿಸಿಕೊಂಡೇ ಬಂದ. ಕೈಯಲ್ಲಿ ಉಳಿದ ಮಾರ್ಫಿನ್ ಮಾತ್ರೆಯ ಸ್ಟ್ರಿಪ್. "ಇದನ್ನೇನು ಮಾಡೋದು?" ಅಂದ. ಮನೆಯಲ್ಲಿ ಇಡಬೇಡ, ಕಸಕ್ಕೂ ಹಾಕಬೇಡ, ಬೇರೆ ಯಾರಿಗೂ ಕೊಡಬೇಡ, ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡು ಅಂದೆ. ಮಾತ್ರೆ ಎಣಿಸಿ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಅದನ್ನು ಅಪ್ಪನ ರಿಪೋರ್ಟಿನ ಕವರಿನೊಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟ.